ತಳ್ಳಿಕೊಳ್ಳಲಿ ಎಂದು ಬಿಟ್ಟ ಗಾಡಿ

"ಹ್ಯಾಂಡ್‌ಬ್ರೇಕ್ ಹಾಕ್ಬೇಡಿ ಸಾರ್, ನ್ಯೂಟ್ರಲ್‌ಗೆ ಬಿಟ್ಟೋಗಿ. ಬೇಕಾದ್ರೆ ನಾವೇ ತಳ್ಕೋತೀವಿ."

ಬೆಂಗಳೂರಿನ ಸಂಜಯನಗರದಲ್ಲಿ ಕಾರು ಇಟ್ಟುಕೊಂಡು ಈ ಮಾತು ಕೇಳದವರು ಇರಲಾರರು. ಅಪಾರ್ಟ್‌ಮೆಂಟಿನ ಸೆಕ್ಯೂರಿಟಿ ಹೇಳುತ್ತಾನೆ, ಕಲ್ಯಾಣಮಂಟಪದ ಮುಂದೆ ಕೈಬೀಸಿ ಗಾಡಿ ನಿಲ್ಲಿಸುವ ಹುಡುಗ ಹೇಳುತ್ತಾನೆ, ಕ್ರಾಸಿನಲ್ಲಿ ಗೇಟಿಗೆ ಗೇಟು ತಾಗಿಸಿಕೊಂಡು ಬದುಕುವ ಎದುರುಮನೆಯವರೂ ಹೇಳುತ್ತಾರೆ. ಹೇಳುವಾಗ ಅದೊಂದು ಸೌಜನ್ಯದ ಮಾತು. ಹ್ಯಾಂಡ್‌ಬ್ರೇಕ್ ಎಳೆದು ಬೀಗ ಹಾಕಿಕೊಂಡು ಹೋದವನು ಸ್ವಾರ್ಥಿ, ಗಾಡಿಯನ್ನು ನ್ಯೂಟ್ರಲ್‌ನಲ್ಲಿ ಬಿಟ್ಟವನು ನಾಲ್ಕು ಜನರ ಕಷ್ಟ ತಿಳಿದವನು ಎಂಬ ಲೆಕ್ಕ ನಮ್ಮಲ್ಲಿ ಬೇರೂರಿದೆ. ಕೆಲವು ಅಪಾರ್ಟ್‌ಮೆಂಟುಗಳಲ್ಲಿ ಇದು ನೋಟಿಸ್ ಬೋರ್ಡಿನ ನಿಯಮವೇ ಆಗಿದೆ.

ಈ ಲೆಕ್ಕ ತಪ್ಪು. ಸ್ವಲ್ಪ ತಪ್ಪು, ಸಂದರ್ಭಕ್ಕೆ ತಕ್ಕಂತೆ ಸರಿ ಎಂದು ಹೇಳಲು ನಾನು ಸಿದ್ಧನಿಲ್ಲ. ಸಾವಿರ ಕಿಲೋಗೂ ಮೀರಿದ ಲೋಹವನ್ನು ಜನ ಓಡಾಡುವ ಜಾಗದಲ್ಲಿ ಹಿಡಿತವಿಲ್ಲದೆ ಬಿಟ್ಟುಹೋಗುವುದರಲ್ಲಿ ಸೌಜನ್ಯದ ಅಂಶ ಒಂದಿಷ್ಟೂ ಇಲ್ಲ. ತನ್ನ ಗಾಡಿಯ ಹೊಣೆಯನ್ನು ಅಪರಿಚಿತರ ಮೇಲೆ, ಅದರಲ್ಲೂ ಬಡವರ ಮೇಲೆ, ಹೊರಿಸುವ ಏರ್ಪಾಡು ಅದು.

ಈ ರೂಢಿ ಎಲ್ಲಿಂದ ಬಂತು ಎಂಬುದು ಇಲ್ಲಿ ವಾಸಿಸುವ ಎಲ್ಲರಿಗೂ ಗೊತ್ತು. ಒಂದು ಕುಟುಂಬಕ್ಕೆಂದು ಕೊಟ್ಟ ಮೂವತ್ತು–ನಲವತ್ತರ ಸೈಟಿನಲ್ಲಿ ನಾಲ್ಕು ಅಂತಸ್ತು ಎದ್ದಿದೆ. ಕೆಳಗಿನ ಸ್ಟಿಲ್ಟಿನಲ್ಲಿ ಎರಡು ಕಾರಿನ ಜಾಗ, ಮೇಲೆ ನಾಲ್ಕೈದು ಕಾರಿನ ಸಂಸಾರ. ಗೆದ್ದಲಹಳ್ಳಿ, ನಾಗಶೆಟ್ಟಿಹಳ್ಳಿ, ಭೂಪಸಂದ್ರದ ಹಳೆಯ ಊರೊಳಗಿನ ಬೀದಿಗಳು ಎತ್ತಿನ ಗಾಡಿಯ ಕಾಲದ ಅಗಲದಲ್ಲೇ ಉಳಿದಿವೆ. ಇಡೀ ನಗರದಲ್ಲಿ ನೋಂದಣಿಯಾದ ವಾಹನಗಳ ಸಂಖ್ಯೆ ಒಂದು ಕೋಟಿ ದಾಟಿದೆ. ರಸ್ತೆಯಲ್ಲಿ ಗಾಡಿ ನಿಲ್ಲಿಸಲು ಅನುಮತಿ ಚೀಟಿ, ಶುಲ್ಕ ಎಂದೆಲ್ಲ ಹೇಳುವ ಪಾರ್ಕಿಂಗ್ ನೀತಿಗೆ 2021ರಲ್ಲಿ ಸರ್ಕಾರ ಒಪ್ಪಿಗೆ ಕೊಟ್ಟಿತು; ನಮ್ಮ ಕ್ರಾಸುಗಳಲ್ಲಿ ಅದರ ಸುಳಿವು ಕಾಣುವುದಿಲ್ಲ. ಹೀಗಾಗಿ ಒಂದರ ಹಿಂದೆ ಒಂದು, ಒಂದರ ಪಕ್ಕ ಒಂದು ಗಾಡಿಗಳು ನಿಲ್ಲುತ್ತವೆ. ಒಳಗಿನದು ಹೊರಬರಬೇಕಾದರೆ ಹೊರಗಿನದು ಸರಿಯಬೇಕು. ಸರಿಸಲು ಮಾಲೀಕ ಇಳಿದು ಬರಬೇಕು. ಮಾಲೀಕನಿಗೆ ಇಳಿದು ಬರುವ ಮನಸ್ಸಿಲ್ಲ. ಮಿಕ್ಕ ಕಾರಣಗಳೆಲ್ಲ ಈ ಕೊನೆಯದಕ್ಕೆ ಹೊದಿಸಿದ ಹೊದಿಕೆ.

ಹೊದಿಕೆಗಳನ್ನು ಒಂದೊಂದಾಗಿ ತೆಗೆಯೋಣ. "ನಮ್ಮ ರಸ್ತೆ ಮಟ್ಟಸವಾಗಿದೆ, ಇಲ್ಲಿ ಗಾಡಿ ಎಲ್ಲಿಗೆ ಉರುಳುತ್ತದೆ?" ಎಂಬುದು ಮೊದಲನೆಯದು. ಮಳೆ ಬಂದ ದಿನ ಸಂಜಯನಗರದಲ್ಲಿ ನಿಂತು ನೀರು ಎತ್ತ ಹರಿಯುತ್ತದೆ ನೋಡಿದರೆ ಸಾಕು. ಹೆಬ್ಬಾಳ ಕೆರೆ ಇರುವ ತಗ್ಗಿನ ಕಡೆಗೆ ಭೂಪಸಂದ್ರದ ನೆಲ ಇಳಿಯುತ್ತದೆ. ಬೀದಿಗಳು ಆ ಇಳಿಕೆಯನ್ನು ಅನುಸರಿಸಿಯೇ ಇವೆ. ನೀರಿಗೆ ಕಾಣುವ ಇಳಿಜಾರು ನಡೆಯುವವನ ಕಣ್ಣಿಗೆ ಕಾಣುವುದಿಲ್ಲ. ಗಾಳಿ ಸರಿಯಾಗಿ ತುಂಬಿದ ಟೈರಿನ ಕಾರು ಡಾಂಬರಿನ ಮೇಲೆ ಉರುಳುತ್ತಲೇ ಇರಲು ನೂರು ಅಡಿಗೆ ಒಂದರಿಂದ ಒಂದೂವರೆ ಅಡಿ ಇಳಿಜಾರು ಸಾಕು. ನಲವತ್ತು ಅಡಿ ಸೈಟಿನ ಈ ಮೂಲೆಯಿಂದ ಆ ಮೂಲೆಗೆ ರಸ್ತೆ ಒಂದೂವರೆ ಅಡಿ ಇಳಿದಿದೆ ಎಂದುಕೊಳ್ಳಿ. ಅದನ್ನು ಯಾರೂ ಇಳಿಜಾರು ಎಂದು ಕರೆಯುವುದಿಲ್ಲ. ಆದರೆ ಆ ರಸ್ತೆಯಲ್ಲಿ ನ್ಯೂಟ್ರಲ್‌ನಲ್ಲಿರುವ ಕಾರು ಐವತ್ತು ಮೀಟರ್ ಉರುಳುವಷ್ಟರಲ್ಲಿ ಗಂಟೆಗೆ ಸುಮಾರು 18 ಕಿ.ಮೀ. ವೇಗ ಪಡೆದಿರುತ್ತದೆ. ಅದಕ್ಕೆ ಬೇಕಾಗುವುದು ಇಪ್ಪತ್ತು ಸೆಕೆಂಡು. ಎಂಜಿನ್ ಸದ್ದಿಲ್ಲ, ಹಾರನ್ ಇಲ್ಲ, ಬೆನ್ನು ಮಾಡಿ ನಿಂತವರಿಗೆ ಎಚ್ಚರಿಕೆಯೂ ಇಲ್ಲ.

ಮೊದಲ ಎರಡು ಸೆಕೆಂಡು ಆ ಕಾರು ನಡಿಗೆಗಿಂತ ನಿಧಾನ. ಅಪಾಯ ಇರುವುದು ಅಲ್ಲೇ. ನಿಧಾನವಾಗಿ ಹೊರಟದ್ದನ್ನು ಕಂಡವರು ಕೈಕೊಟ್ಟು ನಿಲ್ಲಿಸಿಬಿಡಬಹುದು ಅಂದುಕೊಳ್ಳುತ್ತಾರೆ. ಮುಂದೆ ಹೋಗಿ ಬಾನೆಟ್ಟಿಗೆ ಕೈಕೊಡುತ್ತಾರೆ. ಹಿಂದೆ ಗೋಡೆಯೋ ಗೇಟಿನ ಕಂಬವೋ ಇದ್ದರೆ ಅಲ್ಲಿಗೆ ಮುಗಿಯಿತು. ಹಾಲಿವುಡ್ ನಟ ಆಂಟನ್ ಯೆಲ್ಚಿನ್ 2016ರ ಜೂನ್‌ನಲ್ಲಿ ಸತ್ತದ್ದು ಹೀಗೆ ಉರುಳಿದ ಗಾಡಿಗೆ ಸಿಕ್ಕಿಯೇ, ಲಾಸ್ ಏಂಜಲೀಸ್‌ನ ಸ್ವಂತ ಮನೆಯ ಇಳಿಜಾರಿನಲ್ಲಿ. ತನ್ನದೇ ಜೀಪು ಹಿಂದಕ್ಕೆ ಉರುಳಿ ಗೇಟಿನ ಕಂಬಕ್ಕೆ ಅವನನ್ನು ಒತ್ತಿಹಿಡಿಯಿತು. ವಯಸ್ಸು 27. ಆ ಮಾದರಿಯ ಗೇರ್ ಹಿಡಿಯಲ್ಲಿ, ಗಾಡಿ ಯಾವ ಗೇರಿನಲ್ಲಿದೆ ಎಂಬುದು ಚಾಲಕನಿಗೆ ಸ್ಪಷ್ಟವಾಗುತ್ತಿರಲಿಲ್ಲವೆಂದು ಕಂಪನಿ ಎರಡು ತಿಂಗಳ ಮೊದಲಷ್ಟೇ ಸುಮಾರು 11 ಲಕ್ಷ ವಾಹನಗಳನ್ನು ವಾಪಸು ಕರೆದಿತ್ತು. ಅಲ್ಲಿ ಗೇರಿನ ವಿನ್ಯಾಸ ಚಾಲಕರನ್ನು ಮೋಸಗೊಳಿಸಿತು. ಇಲ್ಲಿ ನಾವು ಬೇಕೆಂದೇ, ತಿಳಿದೇ, ಅದೇ ಸ್ಥಿತಿಯಲ್ಲಿ ಗಾಡಿ ಬಿಟ್ಟು ಹೋಗುತ್ತೇವೆ.

ಇನ್ನು "ತಳ್ಳಿಕೊಳ್ಳುತ್ತಾರೆ" ಎಂಬ ಮಾತು. ತಳ್ಳುವವರು ಯಾರು? ಪಕ್ಕದ ಕಾರಿನ ಮಾಲೀಕರು ಕೆಲವೊಮ್ಮೆ. ಹೆಚ್ಚಿನ ಸಲ ಸೆಕ್ಯೂರಿಟಿ, ಬೆಳಗ್ಗೆ ಕಾರು ತೊಳೆಯಲು ಬರುವ ಹುಡುಗ, ಆ ಹೊತ್ತಿಗೆ ಸಿಕ್ಕಿದ ಇಸ್ತ್ರಿಯವನು. ಅವರಲ್ಲಿ ಬಹುಪಾಲು ಜನರಿಗೆ ಕಾರು ಓಡಿಸಿ ಗೊತ್ತಿಲ್ಲ. ಗೊತ್ತಿದ್ದರೂ ಪ್ರಯೋಜನವಿಲ್ಲ: ಕಾರಿಗೆ ಬೀಗ, ಒಳಗೆ ಯಾರೂ ಇಲ್ಲ, ಬ್ರೇಕ್ ತುಳಿಯಲು ಕಾಲಿಲ್ಲ. ಕೀ ತೆಗೆದ ಮೇಲೆ ಸ್ಟೇರಿಂಗ್ ಲಾಕ್ ಆಗುವ ಕಾರುಗಳೇ ಹೆಚ್ಚು. ಚಕ್ರ ಸ್ವಲ್ಪ ಓರೆಯಾಗಿ ಲಾಕ್ ಆಗಿದ್ದರೆ ತಳ್ಳಿದ ಕಾರು ನೇರ ಹೋಗುವುದಿಲ್ಲ. ಬಾಗಿಕೊಂಡು ಪಕ್ಕದ ಗಾಡಿಗೋ ಮೋರಿಗೋ ಹೋಗುತ್ತದೆ. ಹಿಂದಿನಿಂದ ತಳ್ಳುವವನಿಗೆ ಮುಂದೆ ಏನಿದೆ ಎಂದು ಕಾಣುವುದಿಲ್ಲ. ಅಲ್ಲಿ ಮಗು ಕೂತಿರಬಹುದು, ಬೀದಿನಾಯಿ ಮಲಗಿರಬಹುದು, ಗೀಚು ಬೀಳಬಾರದ ದುಬಾರಿ ಕಾರು ಇರಬಹುದು. ಗೀಚು ಬಿದ್ದರೆ ಬೈಸಿಕೊಳ್ಳುವವನು, ಕೆಲವು ಕಡೆ ಸಂಬಳದಲ್ಲಿ ಹಣ ಕಟ್ಟುವವನು ಅದೇ ಸೆಕ್ಯೂರಿಟಿ. ತಳ್ಳಲು ಹೇಳಿದ ಮಾಲೀಕ ಆ ಹೊತ್ತಿಗೆ ಎಲ್ಲೂ ಇರುವುದಿಲ್ಲ.

ಊರ ಜಾತ್ರೆಯಲ್ಲಿ ತೇರು ಎಳೆಯುವುದನ್ನು ನೋಡಿದವರಿಗೆ ಗೊತ್ತು: ಹಗ್ಗ ಹಿಡಿಯಲು ಊರೆಲ್ಲ ಬರುತ್ತದೆ, ಗಾಲಿಯ ಪಕ್ಕದಲ್ಲಿ ಮರದ ತುಂಡು ಹಿಡಿದು ನಡೆಯುವ ಕೆಲಸ ಮಾತ್ರ ನುರಿತ ಕೆಲವರದು. ತೇರನ್ನು ಹೊರಡಿಸುವುದಕ್ಕಿಂತ ನಿಲ್ಲಿಸುವುದು ಕಷ್ಟ ಎಂಬ ತಿಳಿವಳಿಕೆ ನಮ್ಮ ಹಿರಿಯರಿಗೆ ಇತ್ತು. ನಿಲ್ಲಿಸಲು ಗೊತ್ತಿರುವವರು ಗಾಲಿಯ ಬಳಿ ಇಲ್ಲದೆ ತೇರನ್ನು ಅಲುಗಿಸುತ್ತಿರಲಿಲ್ಲ. ಅದೇ ಊರುಗಳಿಂದ ಬಂದ ನಾವು ಸಂಜಯನಗರದ ಕ್ರಾಸಿನಲ್ಲಿ ಗಾಲಿಯ ಬಳಿ ಯಾರನ್ನೂ ಇಡದೆ ಬರೀ ಹಗ್ಗ ಕೊಟ್ಟು ಹೋಗುತ್ತಿದ್ದೇವೆ.

ತಳ್ಳಿದ ಮೇಲೆ ಏನಾಗುತ್ತದೆ ಎಂಬುದನ್ನು ಯಾರೂ ಕೇಳುವುದಿಲ್ಲ. ಮಾಲೀಕ ನಿಲ್ಲಿಸಿದ ಜಾಗ ಮಟ್ಟಸವಾಗಿತ್ತು ಎಂದೇ ಇಟ್ಟುಕೊಳ್ಳೋಣ. ಬೆಳಗ್ಗೆ ಏಳಕ್ಕೆ ಒಬ್ಬರು ಎಂಟು ಅಡಿ ಮುಂದೆ ತಳ್ಳುತ್ತಾರೆ, ಒಂಬತ್ತಕ್ಕೆ ಇನ್ನೊಬ್ಬರು ಇನ್ನಷ್ಟು ತಳ್ಳುತ್ತಾರೆ. ಹತ್ತು ಗಂಟೆಗೆ ಆ ಕಾರು ಇಳಿಜಾರಿನ ಅಂಚಿನಲ್ಲಿ, ಗೇಟಿನ ರ‍್ಯಾಂಪಿನ ಮೇಲೆ, ಇನ್ನೊಂದು ಕಾರಿನ ಬಂಪರ್ ಆಧಾರದಲ್ಲಿ ನಿಂತಿರುತ್ತದೆ. ಆ ಆಧಾರದ ಕಾರು ಹೊರಟ ಕ್ಷಣ ಇದೂ ಹೊರಡುತ್ತದೆ. ಮಾಲೀಕನಿಗೆ ತನ್ನ ಗಾಡಿ ಎಲ್ಲಿ ನಿಂತಿದೆ ಎಂಬುದೇ ಗೊತ್ತಿಲ್ಲ.

ಗಾಡಿ ಅಲುಗದಿರಲಿ ಎಂದು ಕೆಲವರು ಚಕ್ರಕ್ಕೆ ಕಲ್ಲು ಕೊಡುತ್ತಾರೆ. ಬಡಾವಣೆಯಲ್ಲಿ ಎಲ್ಲೋ ಒಂದು ಕಡೆ ಮನೆ ಕಟ್ಟುತ್ತಲೇ ಇರುತ್ತಾರಲ್ಲ, ಸೈಜುಗಲ್ಲಿಗೂ ಸಿಮೆಂಟ್ ಬ್ಲಾಕಿಗೂ ಬರವಿಲ್ಲ. ಕಲ್ಲು ಕೊಡುವುದು ಕೆಟ್ಟದ್ದಲ್ಲ. ಲಾರಿಯವರು ಘಾಟಿಯಲ್ಲಿ ಕೆಟ್ಟು ನಿಂತಾಗ ಕೊಟ್ಟೇ ಕೊಡುತ್ತಾರೆ, ಕೊಡಲೇಬೇಕು. ಆದರೆ ಹ್ಯಾಂಡ್‌ಬ್ರೇಕಿನ ಬದಲಿಗೆ ಕಲ್ಲು ಕೊಟ್ಟವನು ಹೊರಡುವಾಗ ಇಳಿದು ಅದನ್ನು ಎತ್ತಿಡುವುದಿಲ್ಲ. ಗಾಡಿಯನ್ನು ಸ್ವಲ್ಪ ಹಿಂದೆ ತಂದು, ಸ್ಟೇರಿಂಗ್ ತಿರುಗಿಸಿ, ಕಲ್ಲನ್ನು ರಸ್ತೆಯಲ್ಲೇ ಬಿಟ್ಟು ಹೋಗುತ್ತಾನೆ. ರಾತ್ರಿ ಬೀದಿದೀಪ ಉರಿಯದ ಕ್ರಾಸಿನಲ್ಲಿ ಆ ಕಲ್ಲು ಸ್ಕೂಟರಿನ ಮುಂಚಕ್ರಕ್ಕೆ ಸಿಗುತ್ತದೆ. ಊಟ ತಲುಪಿಸಲು ಓಡುವ ಹುಡುಗರು, ಪಾಳಿ ಮುಗಿಸಿ ಬರುವ ನರ್ಸುಗಳು, ಬೆಳಗಿನ ಜಾವ ಹಾಲು–ಪೇಪರ್ ಹಾಕುವವರು, ಇವರು ಆ ಹೊತ್ತಿನಲ್ಲಿ ಆ ದಾರಿಯಲ್ಲಿ ಹೋಗುವವರು. ಸಂಜಯನಗರದ ಯಾವ ಕ್ರಾಸಿನಲ್ಲಾದರೂ ಬೆಳಗ್ಗೆ ನಡೆದು ನೋಡಿ, ಯಾರದೋ ಚಕ್ರದಡಿ ಇದ್ದು ಈಗ ಯಾರಿಗೂ ಸೇರದ ಇಂಥ ಕಲ್ಲು ಕಾಣದೆ ಇರುವುದಿಲ್ಲ. ಇದನ್ನು ಬರೆಯುವಾಗ ನನಗೆ ಬರುವ ಸಿಟ್ಟನ್ನು ಮರೆಮಾಚಲಾರೆ. ಒಂದು ಹಿಡಿ ಎಳೆಯುವ ಶ್ರಮ ಉಳಿಸಿಕೊಳ್ಳಲು ಇನ್ನೊಬ್ಬರ ಕಾಲು ಮುರಿಯುವ ಸಾಧನವನ್ನು ರಸ್ತೆಯಲ್ಲಿ ಬಿಟ್ಟುಹೋಗುತ್ತೇವೆ.

ಕಾನೂನು ಈ ವಿಷಯದಲ್ಲಿ ಮಾತನ್ನು ನುಂಗಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 126ನೇ ಕಲಮು ನಿಂತ ಗಾಡಿಗಳಿಗೇ ಮೀಸಲು. ಸಾರ್ವಜನಿಕ ಸ್ಥಳದಲ್ಲಿ ಗಾಡಿ ನಿಂತಿರಬೇಕಾದರೆ ಚಾಲಕನ ಸೀಟಿನಲ್ಲಿ ಲೈಸೆನ್ಸ್ ಇರುವವರು ಕೂತಿರಬೇಕು. ಇಲ್ಲವೇ ಎಂಜಿನ್ ನಿಲ್ಲಿಸಿ ಬ್ರೇಕ್ ಹಾಕಿರಬೇಕು, ಅಥವಾ ಚಾಲಕನಿಲ್ಲದಾಗ ಗಾಡಿ ಆಕಸ್ಮಿಕವಾಗಿ ಚಲಿಸಲಾಗದಂಥ ಬೇರೆ ಕ್ರಮ ಕೈಗೊಂಡಿರಬೇಕು ಎಂದು ಅದರ ತಾತ್ಪರ್ಯ. "ತಳ್ಳಿಕೊಳ್ಳಲಿ" ಎಂದು ಬಿಟ್ಟ ಗಾಡಿ ಇದರ ಯಾವ ಮಾತಿಗೂ ಹೊಂದುವುದಿಲ್ಲ. ಚಲಿಸಲಿ ಎಂದೇ ಬಿಟ್ಟದ್ದು ಅದು. ಇನ್ನೊಂದು ನಿಂತ ಗಾಡಿಯ ಪಕ್ಕಕ್ಕೆ ಗಾಡಿ ನಿಲ್ಲಿಸಬಾರದೆಂದು 1989ರ ರಸ್ತೆ ನಿಯಮಗಳಲ್ಲೇ ಇತ್ತು. ಅಂದರೆ ಈ ರೂಢಿ ಹುಟ್ಟಲು ಕಾರಣವಾದ ಸಾಲುಗಟ್ಟುವಿಕೆಯೇ ಮೊದಲ ತಪ್ಪು. ಅಪಾರ್ಟ್‌ಮೆಂಟಿನ ಕಾಂಪೌಂಡಿನೊಳಗೆ ಈ ಕಲಮು ಎಷ್ಟರಮಟ್ಟಿಗೆ ಬರುತ್ತದೆ ಎಂದು ವಕೀಲರು ವಾದ ಮಾಡಬಹುದು. ಹೊರಗಿನ ರಸ್ತೆಯ ವಿಷಯದಲ್ಲಿ ವಾದಕ್ಕೆ ಎಡೆಯಿಲ್ಲ.

"ನಾನು ಓಡಿಸುತ್ತಿರಲಿಲ್ಲ, ಗಾಡಿ ನಿಂತಿತ್ತು, ನನಗೇನು ಸಂಬಂಧ?" ಎನ್ನುವವರಿಗೆ ಒಂದು ಹಳೆಯ ಪ್ರಕರಣ ನೆನಪಿಸಬೇಕು. 1987ರಲ್ಲಿ ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ, ಸಾತಾರಾ ಜಿಲ್ಲೆಯಲ್ಲಿ, ಪೆಟ್ರೋಲ್ ಟ್ಯಾಂಕರೊಂದು ಲಾರಿಗೆ ಡಿಕ್ಕಿಯಾಗಿ ಮಗುಚಿ ಬಿತ್ತು. ಗಂಟೆಗಳ ನಂತರ, ಬೆಳಗ್ಗೆ, ಸೋರಿದ ಪೆಟ್ರೋಲ್ ತುಂಬಿಕೊಳ್ಳಲು ಜನ ಸೇರಿದ್ದಾಗ ಅದು ಸ್ಫೋಟಿಸಿತು. ಬಿದ್ದುಕೊಂಡಿದ್ದ ಗಾಡಿ ಬಳಕೆಯಲ್ಲಿರಲಿಲ್ಲ, ಆದ್ದರಿಂದ ಪರಿಹಾರ ಕೊಡಬೇಕಿಲ್ಲ ಎಂಬ ವಾದ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 1991ರಲ್ಲಿ ನ್ಯಾಯಾಲಯ ಆ ವಾದವನ್ನು ತಳ್ಳಿಹಾಕಿತು: ಚಲಿಸದೆ ನಿಂತಿರುವಾಗಲೂ ಅದು ವಾಹನದ ಬಳಕೆಯೇ. ನಿಲ್ಲಿಸಿ ಬಂದ ಕೂಡಲೇ ಮಾಲೀಕನ ಹೊಣೆ ಕಳಚಿ ಬೀಳುತ್ತದೆಂಬ ನಂಬಿಕೆಗೆ ಮೂರು ದಶಕದ ಹಿಂದೆಯೇ ಉತ್ತರ ಸಿಕ್ಕಿದೆ.

ಕಲಿಸುವ ಕಡೆಯೂ ದೋಷವಿದೆ. ಏರುದಾರಿಯಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕನ್ನೋ ಥ್ರಾಟಲ್ ಮತ್ತು ಕಾಲಿನ ಬ್ರೇಕನ್ನೋ ಸರಿಯಾಗಿ ಬಳಸಿ, ಹಿಂದಕ್ಕೆ ಉರುಳದಂತೆ ಮತ್ತೆ ಹೊರಡಬೇಕು ಎಂಬುದು ಕೇಂದ್ರ ಮೋಟಾರು ವಾಹನ ನಿಯಮಗಳ 15ನೇ ನಿಯಮದಲ್ಲಿ ಲೈಸೆನ್ಸ್ ಪರೀಕ್ಷೆಯ ಭಾಗವಾಗಿಯೇ ಇದೆ. ಕೆಎ 04, ಕೆಎ 50 ಫಲಕದ ಗಾಡಿ ಓಡಿಸುವ ನಮ್ಮವರನ್ನು ಕೇಳಿ ನೋಡಿ. ಎಂಟು ಹಾಕಿದ್ದು, ರಿವರ್ಸ್ ತೆಗೆದದ್ದು ನೆನಪಿರುತ್ತದೆ. ಹ್ಯಾಂಡ್‌ಬ್ರೇಕಿನ ಪಾಠ ನೆನಪಿರುವವರು ಅಪರೂಪ. ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಪಕ್ಕದವರ ಕಾಲ ಕೆಳಗೂ ಬ್ರೇಕ್ ಇರುವುದರಿಂದ ಕಲಿಯುವವರಿಗೆ ಅದರ ಅಗತ್ಯವೇ ಬೀಳುವುದಿಲ್ಲ.

ಈಗ ಗ್ಯಾರೇಜಿನ ವಾದಗಳು. ಇವು ತಿಳಿದವರ ಬಾಯಿಂದ ಬರುವುದರಿಂದ ಹೆಚ್ಚು ಗಟ್ಟಿ. "ದಿನಾ ಹ್ಯಾಂಡ್‌ಬ್ರೇಕ್ ಎಳೆದರೆ ಕೇಬಲ್ ಸಡಿಲವಾಗುತ್ತೆ, ಮಳೆಗಾಲದಲ್ಲಿ ಜಾಮ್ ಆಗುತ್ತೆ." ಕೇಬಲ್ ಸಡಿಲವಾಗುವುದು ನಿಜ. ಹಿಡಿಯಿಂದ ಹೊರಟ ಉಕ್ಕಿನ ಕೇಬಲ್ ಹಿಂದಿನ ಎರಡು ಚಕ್ರಗಳಿಗೆ ಹೋಗಿ, ಡ್ರಮ್ಮಿನೊಳಗಿನ ಬ್ರೇಕ್ ಶೂಗಳನ್ನು ಹೊರಕ್ಕೆ ಒತ್ತುತ್ತದೆ. ಕಾಲಿನ ಬ್ರೇಕಿನಂತೆ ಇದಕ್ಕೆ ಆಯಿಲ್ ಬೇಕಿಲ್ಲ, ಎಂಜಿನ್ನಿನ ನೆರವು ಬೇಕಿಲ್ಲ. ಹಿಡಿಯ ಬುಡದ ಹಲ್ಲುಪಟ್ಟಿ ಎಳೆತವನ್ನು ಹಿಡಿದಿಟ್ಟುಕೊಳ್ಳುತ್ತದೆ. ವರ್ಷಗಟ್ಟಲೆ ಬಳಸಿದಾಗ ಕೇಬಲ್ ಒಂದಿಷ್ಟು ಹಿಗ್ಗುತ್ತದೆ, ಲೈನಿಂಗ್ ಸವೆಯುತ್ತದೆ, ಹಿಡಿ ಮೊದಲಿಗಿಂತ ಮೇಲೆ ಬರುತ್ತದೆ. ಸರ್ವಿಸಿಗೆ ಬಿಟ್ಟಾಗ ಬಿಗಿ ಮಾಡಿಸಿದರೆ ಮುಗಿಯಿತು. ಬಳಸದೆ ಬಿಟ್ಟ ಕೇಬಲಿನ ಗತಿ ಇದಕ್ಕಿಂತ ಕೆಟ್ಟದ್ದು. ಕವಚದೊಳಗೆ ನೀರು ಸೇರಿ ತುಕ್ಕು ಹಿಡಿಯುತ್ತದೆ. ವರ್ಷದ ಮೇಲೆ ಒಂದು ದಿನ ನಂದಿಬೆಟ್ಟದ ದಾರಿಯಲ್ಲಿ ಬೇಕಾಗಿ ಎಳೆದಾಗ ಅದು ಹಿಡಿಯುವುದೇ ಇಲ್ಲ, ಅಥವಾ ಹಿಡಿದದ್ದು ಬಿಡುವುದಿಲ್ಲ. ಸವೆಯುತ್ತದೆ ಎಂಬ ಭಯಕ್ಕೆ ಉಪಕರಣವನ್ನು ಸಾಯಿಸಿದಂತಾಯಿತು.

ಮಳೆಯ ಮಾತಿನಲ್ಲಿ ಒಂದು ಸತ್ಯ ಇದೆ, ಅದನ್ನು ಒಪ್ಪಬೇಕು. ನೀರಿನಲ್ಲಿ ಓಡಿಸಿ ಬಂದು ರಾತ್ರಿಯಿಡೀ ಬ್ರೇಕ್ ಹಾಕಿಟ್ಟರೆ ಡ್ರಮ್ಮಿಗೆ ಶೂ ಮೆಲ್ಲಗೆ ಅಂಟಿಕೊಳ್ಳಬಹುದು. ಬೆಳಗ್ಗೆ ಹೊರಡುವಾಗ ಒಂದು ಸಣ್ಣ ಎಳೆತಕ್ಕೆ ಟಕ್ಕೆಂದು ಬಿಡುತ್ತದೆ. ವಾರಗಟ್ಟಲೆ ಊರಿಗೆ ಹೋಗುವವರಿಗೆ, ಮಟ್ಟಸವಾದ ಸ್ವಂತ ಜಾಗದಲ್ಲಿ, ಗೇರಿನಲ್ಲಿ ಬಿಟ್ಟು ಎರಡು ಚಕ್ರಗಳಿಗೆ ಸರಿಯಾದ ಮರದ ಅಡ್ಡಗಟ್ಟೆ ಕೊಡಿ ಎಂದು ಮೆಕ್ಯಾನಿಕ್ ಹೇಳಿದರೆ ಅದು ಸರಿಯಾದ ಸಲಹೆ. ಆ ಸಲಹೆಯನ್ನು ಕೇಳಿಸಿಕೊಂಡು, ತರಕಾರಿ ತರಲು ನಿಲ್ಲಿಸಿದ ಗಾಡಿಗೂ ಅನ್ವಯಿಸಿಕೊಳ್ಳುವುದು ಸೋಮಾರಿತನ.

"ಗೇರಿನಲ್ಲಿ ಬಿಟ್ಟಿದ್ದೇನೆ, ಅಷ್ಟು ಸಾಕು" ಎನ್ನುವವರು ನ್ಯೂಟ್ರಲ್ ಪಂಥದವರಿಗಿಂತ ಮೇಲು. ಆದರೂ ಸಾಲದು. ಗೇರಿನಲ್ಲಿರುವ ಗಾಡಿಯನ್ನು ಹಿಡಿದಿರುವುದು ಸಿಲಿಂಡರಿನೊಳಗಿನ ಗಾಳಿಯ ಒತ್ತಡ ಮತ್ತು ಎಂಜಿನ್ನಿನ ಉಜ್ಜುವಿಕೆ. ಗಾಳಿ ಪಿಸ್ಟನ್ ಸಂದಿಯಿಂದ ನಿಧಾನವಾಗಿ ಸೋರುತ್ತದೆ. ಹಳೆಯ ಎಂಜಿನ್ನಿನಲ್ಲಿ ಇನ್ನೂ ಬೇಗ. ಕಡಿದಾದ ಇಳಿಜಾರಿನಲ್ಲಿ ಅಂಥ ಗಾಡಿ ತುಸು ತುಸುವೇ ತೆವಳುವುದುಂಟು. ಅದಕ್ಕಿಂತ ದೊಡ್ಡ ಅಪಾಯ ಬೆಳಗಿನ ಹೊತ್ತಿನದು. ಎಸಿ ಹಾಕಿಡೋಣ, ಎಂಜಿನ್ ಬಿಸಿಯಾಗಲಿ ಎಂದು ಹೊರಗೆ ನಿಂತೇ ಕಿಟಕಿಯಿಂದ ಕೈಹಾಕಿ ಕೀ ತಿರುಗಿಸುವವರನ್ನು ನೋಡಿದ್ದೇವೆ. ಕ್ಲಚ್ ತುಳಿಯದೆಯೂ ಸ್ಟಾರ್ಟ್ ಆಗುವ ಕಾರು ಗೇರಿನಲ್ಲಿದ್ದು, ಹ್ಯಾಂಡ್‌ಬ್ರೇಕೂ ಇಲ್ಲದಿದ್ದರೆ ಆ ಕ್ಷಣವೇ ಮುಂದಕ್ಕೆ ಜಿಗಿಯುತ್ತದೆ. ಸ್ಟಿಲ್ಟಿನಲ್ಲಿ ಅದರ ಮುಂದೆ ಇರುವುದು ಗೋಡೆ, ಶಾಲೆಯ ಚೀಲ ಹಿಡಿದ ಮಗು, ಹಾಲಿನ ಕ್ರೇಟು.

ಕಾರಿನ ಲೋಕವೂ ಬದಲಾಗಿದೆ. ಆಟೋಮ್ಯಾಟಿಕ್ ಗಾಡಿಗಳಲ್ಲಿ 'ಪಿ' ಹಾಕಿದಾಗ ಗೇರ್‌ಬಾಕ್ಸಿನೊಳಗೆ ಒಂದು ಸಣ್ಣ ಉಕ್ಕಿನ ಕೊಂಡಿ ಹಲ್ಲುಚಕ್ರಕ್ಕೆ ಸಿಕ್ಕಿಕೊಳ್ಳುತ್ತದೆ. ಇಡೀ ಗಾಡಿಯ ಭಾರವನ್ನು ಅದೊಂದರ ಮೇಲೆ ತೂಗುಹಾಕಿದರೆ ತೆಗೆಯುವಾಗ ದಡ್ಡೆಂಬ ಸದ್ದು ಬರುತ್ತದೆ. ಹಿಂದಿನಿಂದ ಇನ್ನೊಂದು ಗಾಡಿ ಗುದ್ದಿದರೆ ಅದು ಮುರಿಯಲೂಬಹುದು. ಎಲೆಕ್ಟ್ರಿಕ್ ಕಾರಿನಲ್ಲಿ ಒತ್ತಡ ಹಿಡಿಯುವ ಸಿಲಿಂಡರೇ ಇಲ್ಲ. ಗುಂಡಿ ಒತ್ತುವ ಹ್ಯಾಂಡ್‌ಬ್ರೇಕ್ ಬಂದಿದೆ. ಸಿಗ್ನಲಿನಲ್ಲಿ ಗಾಡಿಯನ್ನು ತಾನೇ ಹಿಡಿದುಕೊಳ್ಳುವ 'ಆಟೋ ಹೋಲ್ಡ್' ಅದೇ ಎಂದು ಹಲವರು ತಿಳಿದಿದ್ದಾರೆ. ಅವೆರಡೂ ಬೇರೆ. ಡ್ಯಾಶ್‌ಬೋರ್ಡಿನಲ್ಲಿ ಕೆಂಪು ದೀಪ ಉರಿಯುತ್ತಿದೆಯೇ ಎಂದು ನೋಡದೆ ಇಳಿಯಬಾರದು. ಹೊಸ ಗಾಡಿಗಳಲ್ಲಿ ಹಲವು, ಎಂಜಿನ್ ಆಫ್ ಮಾಡಿದ ಕೂಡಲೇ ತಾವಾಗಿಯೇ ಚಕ್ರ ಬಿಗಿದುಕೊಳ್ಳುತ್ತವೆ. "ನ್ಯೂಟ್ರಲ್‌ಗೆ ಬಿಡಿ ಸಾರ್" ಎಂದು ಸೆಕ್ಯೂರಿಟಿ ಹೇಳಿದರೆ ಮಾಲೀಕರಿಗೆ ಹೇಗೆ ಬಿಡುವುದೆಂದೇ ಗೊತ್ತಾಗುವುದಿಲ್ಲ. ಗಾಡಿ ತಯಾರಿಸಿದವರು ಯಾವುದನ್ನು ತಡೆಯಲು ಇಷ್ಟು ಕಷ್ಟಪಟ್ಟಿದ್ದಾರೋ ಅದನ್ನೇ ನಮ್ಮ ಅಸೋಸಿಯೇಷನ್ನುಗಳು ಬೋರ್ಡು ಹಾಕಿ ಬೇಡುತ್ತಿವೆ.

ಕೊನೆಗೆ ಬರುವ ವಾದ ಎಲ್ಲಕ್ಕಿಂತ ಬಲವಾದದ್ದು: "ಇಷ್ಟು ವರ್ಷ ಹೀಗೇ ಬಿಟ್ಟಿದ್ದೇವೆ, ಏನೂ ಆಗಿಲ್ಲ." ಏನೂ ಆಗದಿರುವುದಕ್ಕೆ ಕಾರಣ ಮುಂದಿನ ಕಾರಿನ ಬಂಪರ್ ಇರಬಹುದು, ರಸ್ತೆಯ ಗುಂಡಿ ಇರಬಹುದು, ಹಂಪು ಇರಬಹುದು. ಅವು ಯಾವುವೂ ನಮ್ಮ ಕೈಯಲ್ಲಿಲ್ಲ. ಗಾಡಿ ನಿಲ್ಲಿಸುವುದೇ ಕಸುಬಾಗಿರುವ, ಪುಸ್ತಕದ ತುಂಬ ನಿಯಮ ಇರುವ ರೈಲ್ವೆಯಲ್ಲೂ ಇದು ತಪ್ಪಿದ್ದಲ್ಲ. 2017ರ ನವೆಂಬರ್‌ನಲ್ಲಿ ನಮ್ಮ ಕಲಬುರಗಿ ಜಿಲ್ಲೆಯ ವಾಡಿ ಜಂಕ್ಷನ್ನಿನಲ್ಲಿ ರೈಲಿನಿಂದ ಬಿಡಿಸಿ ನಿಲ್ಲಿಸಿದ್ದ ಎಂಜಿನ್ ಚಾಲಕನಿಲ್ಲದೆ ಹೊರಟು ಸುಮಾರು 13 ಕಿ.ಮೀ. ಓಡಿತು, ಸಿಬ್ಬಂದಿ ಬೈಕಿನಲ್ಲಿ ಬೆನ್ನಟ್ಟಿ ನಾಲವಾರದ ಬಳಿ ಹತ್ತಿ ನಿಲ್ಲಿಸಬೇಕಾಯಿತು. 2024ರ ಫೆಬ್ರುವರಿ 25ರಂದು ಜಮ್ಮುವಿನ ಕಠುವಾದಲ್ಲಿ ಜಲ್ಲಿ ತುಂಬಿದ 53 ವ್ಯಾಗನ್ನುಗಳ ಗೂಡ್ಸ್ ರೈಲನ್ನು ಹ್ಯಾಂಡ್‌ಬ್ರೇಕ್ ಹಾಕದೆ ಬಿಟ್ಟು ಇಳಿದರು. ಅದು ಇಳಿಜಾರಿನಲ್ಲಿ ತಾನೇ ಹೊರಟು, ಎಪ್ಪತ್ತಕ್ಕೂ ಹೆಚ್ಚು ಕಿ.ಮೀ. ದೂರ, ಪಂಜಾಬಿನ ಊಂಚಿ ಬಸ್ಸಿಯವರೆಗೆ ಓಡಿತು. ದಾರಿಯ ಗೇಟುಗಳನ್ನು ಮುಚ್ಚಿಸಿದ್ದರಿಂದ ಯಾರೂ ಸಾಯಲಿಲ್ಲ.

ಕೆನಡಾದ ಲಾಕ್-ಮೆಗಾಂಟಿಕ್ ಪಟ್ಟಣಕ್ಕೆ ಆ ಅದೃಷ್ಟ ಇರಲಿಲ್ಲ. 2013ರ ಜುಲೈ 5ರ ರಾತ್ರಿ, ಕಚ್ಚಾ ತೈಲದ 72 ಟ್ಯಾಂಕರುಗಳಿದ್ದ ರೈಲು ಪಟ್ಟಣದ ಮೇಲಿನ ಇಳಿಜಾರಿನಲ್ಲಿ ನಿಂತಿತ್ತು. ಆ ಇಳಿಜಾರು ನೂರಕ್ಕೆ ಒಂದು ಅಡಿಗಿಂತ ತುಸುವೇ ಹೆಚ್ಚು. ಸಂಜಯನಗರದಲ್ಲಿ ಅದನ್ನು ಮಟ್ಟಸ ಎನ್ನುತ್ತೇವೆ. ಚಾಲಕ ಏಳು ಹ್ಯಾಂಡ್‌ಬ್ರೇಕುಗಳನ್ನು ಹಾಕಿದ್ದ, ಹಿಡಿದಿದೆಯೇ ಎಂದು ಪರೀಕ್ಷೆಯನ್ನೂ ಮಾಡಿದ್ದ. ಆದರೆ ಪರೀಕ್ಷೆ ಮಾಡುವಾಗ ಎಂಜಿನ್ನುಗಳ ಗಾಳಿ ಬ್ರೇಕ್ ಬಿಟ್ಟಿರಲಿಲ್ಲ. ರೈಲನ್ನು ಹಿಡಿದದ್ದು ಯಾವುದು ಎಂಬುದು ಆ ಪರೀಕ್ಷೆಯಲ್ಲಿ ತಿಳಿಯುವಂತಿರಲಿಲ್ಲ. ಮುಂದೆ ಎಂಜಿನ್ನಿಗೆ ಬೆಂಕಿ ತಗುಲಿ ಅದನ್ನು ಆರಿಸಿ ನಿಲ್ಲಿಸಿದಾಗ ಗಾಳಿ ಸೋರಿತು, ಏಳು ಹ್ಯಾಂಡ್‌ಬ್ರೇಕು ಸಾಲಲಿಲ್ಲ. ರೈಲು ಊರೊಳಗೆ ನುಗ್ಗಿ ಉರುಳಿ ಸ್ಫೋಟಿಸಿತು. 47 ಜನ ಸತ್ತರು.

ಕಾರಿನವರು ಈ ಘಟನೆಯಿಂದ ಕಲಿಯಬೇಕಾದ ಕೈಕೆಲಸ ಒಂದಿದೆ. ಕಾಲನ್ನು ಬ್ರೇಕಿನ ಮೇಲೆ ಒತ್ತಿಹಿಡಿದೇ ಹ್ಯಾಂಡ್‌ಬ್ರೇಕ್ ಎಳೆದು, ಎಂಜಿನ್ ಆರಿಸಿ, ಹಾಗೇ ಇಳಿದುಬಿಟ್ಟರೆ ಹಿಡಿದದ್ದು ಕಾಲೋ ಕೈಯೋ ತಿಳಿಯುವುದಿಲ್ಲ. ಕಾಲಿನ ಬ್ರೇಕಿನಲ್ಲಿ ಪೂರ್ತಿ ನಿಲ್ಲಿಸಿ, ನ್ಯೂಟ್ರಲ್ಲಿಗೆ ತಂದು, ಹ್ಯಾಂಡ್‌ಬ್ರೇಕನ್ನು ಗಟ್ಟಿಯಾಗಿ ಎಳೆಯಿರಿ. ಆಮೇಲೆ ಕಾಲು ನಿಧಾನವಾಗಿ ತೆಗೆದು ಗಾಡಿ ಅಲುಗುತ್ತದೆಯೇ ನೋಡಿ. ಅಲುಗದಿದ್ದರೆ ಮಾತ್ರ ಎಂಜಿನ್ ಆರಿಸಿ ಗೇರ್ ಹಾಕಿ: ಏರುಮುಖವಾಗಿ ನಿಂತಿದ್ದರೆ ಒಂದನೆಯದು, ಇಳಿಮುಖವಾಗಿದ್ದರೆ ರಿವರ್ಸ್, ಆಟೋಮ್ಯಾಟಿಕ್ ಆದರೆ 'ಪಿ'. ಮುಂಚಕ್ರವನ್ನು ಫುಟ್‌ಪಾತಿನ ಕಲ್ಲಿಗೆ ತಾಗುವಂತೆ ತಿರುಗಿಸಿಡಿ. ಎಲ್ಲ ತಪ್ಪಿದರೂ ಗಾಡಿ ರಸ್ತೆಗೆ ಬರದೆ ಕಲ್ಲಿಗೆ ತಾಗಿ ನಿಲ್ಲಲಿ. ಹಿಂದೆ ಡಿಸ್ಕ್ ಬ್ರೇಕ್ ಇರುವ ಕಾರನ್ನು ದೂರದಿಂದ ಓಡಿಸಿ ಬಂದಿದ್ದರೆ ಗೇರಿನ ಆಸರೆ ಇನ್ನೂ ಮುಖ್ಯ. ಬಿಸಿಯಾದ ಡಿಸ್ಕ್ ತಣಿದು ಕುಗ್ಗಿದಾಗ ಹಿಡಿತ ಸಡಿಲವಾಗಿ, ನಿಲ್ಲಿಸಿದ ಅರ್ಧ ಗಂಟೆಯ ಮೇಲೆ ಗಾಡಿ ಹೊರಟದ್ದುಂಟು. ಕಾರುಗಳಿಗಿರುವ ವಿಶ್ವಸಂಸ್ಥೆಯ ಬ್ರೇಕ್ ನಿಯಮದ ಪ್ರಕಾರ ಹ್ಯಾಂಡ್‌ಬ್ರೇಕ್ ತುಂಬಿದ ಕಾರನ್ನು ಐದಕ್ಕೆ ಒಂದರ ಇಳಿಜಾರಿನಲ್ಲಿ ಹಿಡಿದು ನಿಲ್ಲಿಸಬೇಕು. ಅಷ್ಟು ಕಡಿದಾದ ರಸ್ತೆ ನಮ್ಮ ಬಡಾವಣೆಯಲ್ಲಿಲ್ಲ. ನಿಮ್ಮ ಹ್ಯಾಂಡ್‌ಬ್ರೇಕು ಇಲ್ಲಿ ಹಿಡಿಯುತ್ತಿಲ್ಲವೆಂದರೆ ಅದು ಕೆಟ್ಟಿದೆ. ಕಲ್ಲು ಹುಡುಕಬೇಡಿ, ಗ್ಯಾರೇಜಿಗೆ ಹೋಗಿ.

ಹಾಗಾದರೆ ಅಡ್ಡ ನಿಂತ ಗಾಡಿಯ ಹಿಂದೆ ಸಿಕ್ಕಿಕೊಂಡವರು, ರಾತ್ರಿ ಆಂಬುಲೆನ್ಸ್ ಬಂದಾಗ ಆ ಮನೆಯವರು, ಏನು ಮಾಡಬೇಕು? ಪ್ರಶ್ನೆ ನ್ಯಾಯವಾದದ್ದು. ಆಂಬುಲೆನ್ಸಿಗೆ ದಾರಿ ಬಿಡಿಸಲು ಇಬ್ಬರು ಮೂವರು ಸೇರಿ ಸ್ಟೇರಿಂಗ್ ಲಾಕ್ ಆದ ಕಾರನ್ನು ಕತ್ತಲಲ್ಲಿ ತಳ್ಳುವುದು ಅದಕ್ಕೆ ಉತ್ತರವಾಗಲಾರದು. ಆಂಬುಲೆನ್ಸ್ ಹೋಗುವಷ್ಟು ಜಾಗ ಬಿಡದೆ ಗಾಡಿ ನಿಲ್ಲಿಸುವಂತಿಲ್ಲ, ಅಷ್ಟೇ. ಹಿಂದುಮುಂದಾಗಿ ನಿಲ್ಲಿಸದೆ ಗತಿಯಿಲ್ಲದ ಸ್ಟಿಲ್ಟುಗಳಲ್ಲಿ ಎರಡು ಮನೆಯವರು ಕೂತು ಮಾತಾಡಿ, ಯಾರು ಎಷ್ಟು ಹೊತ್ತಿಗೆ ಹೊರಡುತ್ತಾರೆಂದು ತಿಳಿದು, ಒಬ್ಬರ ಕೀ ಇನ್ನೊಬ್ಬರ ಮನೆಯಲ್ಲಿಡಬಹುದು. ಹಾಗೆ ನಂಬಿಕೆ ಇಟ್ಟುಕೊಂಡ ಮನೆಗಳು ಇದೇ ಬೀದಿಗಳಲ್ಲಿವೆ. ಅಷ್ಟು ಬಳಕೆಯಿಲ್ಲದವರು ಗಾಜಿನ ಹಿಂದೆ ಫೋನ್ ನಂಬರ್ ಬರೆದಿಡಬಹುದು, ಬರೆದ ಮೇಲೆ ಫೋನ್ ಎತ್ತಬೇಕು.

ಅಪಾರ್ಟ್‌ಮೆಂಟುಗಳ ಅಸೋಸಿಯೇಷನ್ನುಗಳು, ಬಡಾವಣೆಯ ನಿವಾಸಿಗಳ ಸಂಘಗಳು ಮೊದಲು ಆ ನೋಟಿಸನ್ನು ತೆಗೆಯಲಿ. ಅದರ ಜಾಗದಲ್ಲಿ ಸೆಕ್ಯೂರಿಟಿಗೆ ಲಿಖಿತ ಸೂಚನೆ ಕೊಡಲಿ: ಯಾರ ಗಾಡಿಯನ್ನೂ ತಳ್ಳಬೇಡಿ, ಮಾಲೀಕರಿಗೆ ಫೋನ್ ಮಾಡಿ, ಅವರು ಬೈದರೆ ನಮಗೆ ಹೇಳಿ. ರಾತ್ರಿ ಎರಡು ಗಂಟೆಗೆ ಫೋನ್ ಬಂದು ನಾಲ್ಕನೇ ಮಹಡಿಯಿಂದ ಇಳಿಯಬೇಕಾಗುವುದು ಕಷ್ಟವೇ. ಅದು ಇನ್ನೊಬ್ಬರ ದಾರಿಗೆ ಅಡ್ಡವಾಗಿ ಗಾಡಿ ಇಟ್ಟವರ ಕಷ್ಟ. ಹನ್ನೆರಡು ಗಂಟೆ ಪಾಳಿಯಲ್ಲಿ ನಿಂತಿರುವ ಸೆಕ್ಯೂರಿಟಿಯ ಬೆನ್ನಿಗೆ ಅದನ್ನು ದಾಟಿಸುವ ಹಕ್ಕು ಯಾವ ಫ್ಲ್ಯಾಟಿನ ಒಡೆಯನಿಗೂ ಇಲ್ಲ.